1974ರ ಸೆಸ್ನಾ ನಮ್ಮ ಹೆಸರಿಗೆ ಬಂದ ಕಥೆ

ಕಳೆದ ವಾರ ಒಕ್ಲಹೋಮಾ ಸಿಟಿಯಿಂದ ಒಂದು ಲಕೋಟೆ ಬಂತು. ಅಮೆರಿಕದ ನಾಗರಿಕ ವಿಮಾನಗಳ ನೋಂದಣಿ ಕಚೇರಿ ಇರುವುದು ಆ ಊರಿನಲ್ಲಿ. ಒಳಗಿದ್ದದ್ದು ಒಂದು ಸಣ್ಣ ಹಾಳೆ: 1974ರ ಸೆಸ್ನಾ 172ಎಂ ವಿಮಾನದ ನೋಂದಣಿ ಪತ್ರ. ಮಾಲೀಕರ ಜಾಗದಲ್ಲಿ ನನ್ನ ಮತ್ತು ನನ್ನ ಗೆಳೆಯನ ಹೆಸರು. ಹುಡುಕಾಟ ಶುರುವಾದ ದಿನದಿಂದ ಈ ಹಾಳೆ ಕೈಗೆ ಬರುವವರೆಗೆ ಹನ್ನೊಂದು ತಿಂಗಳು ಹಿಡಿಯಿತು. ವಿಮಾನ ಹುಡುಕಲು ಹೋದದ್ದು ಮೂರು ತಿಂಗಳು, ಉಳಿದ ಎಂಟು ತಿಂಗಳೂ ಕಾಗದಪತ್ರಕ್ಕೆ. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹಾರಾಟದ ಪರವಾನಗಿ ಪಡೆದ ಕನ್ನಡಿಗರು ನನಗೆ ಗೊತ್ತಿರುವವರೇ ಐದಾರು ಮಂದಿ ಇದ್ದಾರೆ. ಸ್ವಂತಕ್ಕೊಂದು ವಿಮಾನ ಕೊಳ್ಳಬೇಕಾದರೆ ಎಲ್ಲಿಂದ ಶುರು ಮಾಡಬೇಕೆಂದು ಅವರು ಕೇಳುತ್ತಲೇ ಇರುತ್ತಾರೆ. ಅವರಿಗಾಗಿ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ನನ್ನ ಅಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದರು. ರಜೆಯ ದಿನ ಜಕ್ಕೂರಿನ ವಿಮಾನ ಮೈದಾನದ ಬೇಲಿಯ ಬಳಿ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ನಿಲ್ಲುತ್ತಿದ್ದರು. ಎಚ್‌ಎಎಲ್‌ನವರೇ ಕಟ್ಟಿದ ಪುಷ್ಪಕ್ ಎಂಬ ಎರಡು ಸೀಟಿನ ಪುಟ್ಟ ವಿಮಾನ 1958ರಲ್ಲಿ ಮೊದಲ ಬಾರಿ ಹಾರಿದ್ದನ್ನು, ಅದರ ರೆಕ್ಕೆಗೆ ಬಟ್ಟೆಯ ಹೊದಿಕೆ ಇದ್ದದ್ದನ್ನು ಅವರು ಹೇಳುತ್ತಿದ್ದ ರೀತಿ ಇನ್ನೂ ಕಿವಿಯಲ್ಲಿದೆ. ಅವರು ತೀರಿಕೊಂಡದ್ದು 2016ರಲ್ಲಿ. ನಾನು ಹಾರಲು ಕಲಿತದ್ದು ಅದಾದ ಎಷ್ಟೋ ವರ್ಷಗಳ ಮೇಲೆ.

ಕಲಿಕೆಯ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಕಾನೂನು ಕೇಳುವುದು ಕನಿಷ್ಠ 40 ಗಂಟೆಯ ಹಾರಾಟ. ನನಗೆ 71 ಗಂಟೆ ಬೇಕಾಯಿತು. ನಾನು ಆಗ ಎಚ್-1ಬಿ ವೀಸಾದಲ್ಲಿದ್ದೆ. ವಿದೇಶಿಯರು ಹಾರಾಟದ ತರಬೇತಿ ಶುರು ಮಾಡುವ ಮೊದಲು ಸಾರಿಗೆ ಭದ್ರತಾ ಇಲಾಖೆಯಾದ ಟಿಎಸ್‌ಎಯ ಅನುಮತಿ ಪಡೆಯಬೇಕು. ಬೆರಳಚ್ಚು ಕೊಟ್ಟು, 130 ಡಾಲರ್ ಕಟ್ಟಿ ಕಾದಿದ್ದೆ. ಅನುಮತಿ ಬರುವ ಮೊದಲು ತರಬೇತಿ ಶಾಲೆಗೆ ಮುಂಗಡ ಹಣ ಕಟ್ಟಬೇಡಿ.

ಪರವಾನಗಿ ಬಂದ ಮೇಲೆ ಬಾಡಿಗೆ ವಿಮಾನದಲ್ಲಿ ಹಾರುತ್ತಿದ್ದೆ. ಗಂಟೆಗೆ 190 ಡಾಲರ್. ದುಡ್ಡಿಗಿಂತ ಹೆಚ್ಚು ಕಾಡುತ್ತಿದ್ದದ್ದು ಸಮಯ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಾದಿರಿಸಿದರೆ ಮಧ್ಯಾಹ್ನ ಒಂದಕ್ಕೆ ವಾಪಸು ಒಪ್ಪಿಸಬೇಕು. ಸಮುದ್ರದ ಕಡೆಯಿಂದ ಬಂದ ಮೋಡ ಹನ್ನೆರಡಕ್ಕೆ ಚದುರಿದರೆ ಆ ದಿನದ ಹಾರಾಟ ಮುಗಿದ ಹಾಗೆ. ದಾವಣಗೆರೆಯ ಗೆಳೆಯನೊಬ್ಬ, ನನಗಿಂತ ಮೂರು ವರ್ಷ ಮೊದಲೇ ಪರವಾನಗಿ ಪಡೆದವನು, ಒಂದು ದಿನ ಊಟಕ್ಕೆ ಕೂತಾಗ "ಇಬ್ಬರೂ ಸೇರಿ ಒಂದು ಕೊಂಡುಬಿಡೋಣ" ಎಂದ. ಅವನು ಆ ಹೊತ್ತಿಗೆ ಅಮೆರಿಕದ ಪ್ರಜೆ. ನಾನಿನ್ನೂ ವೀಸಾದ ಮೇಲೆ ಇದ್ದವನು.

ಮೊದಲ ಗೋಡೆ ಎದುರಾದದ್ದು ಅಲ್ಲೇ. ಅಮೆರಿಕದಲ್ಲಿ ಒಬ್ಬ ವ್ಯಕ್ತಿ ತನ್ನ ಹೆಸರಿನಲ್ಲಿ ವಿಮಾನ ನೋಂದಾಯಿಸಬೇಕಾದರೆ ಅವನು ಪ್ರಜೆಯಾಗಿರಬೇಕು, ಇಲ್ಲವೇ ಗ್ರೀನ್ ಕಾರ್ಡ್ ಇರುವ ಕಾಯಂ ನಿವಾಸಿಯಾಗಿರಬೇಕು. ಎಚ್-1ಬಿಯಲ್ಲಿ ಇಪ್ಪತ್ತು ವರ್ಷ ತೆರಿಗೆ ಕಟ್ಟಿದ್ದರೂ ಆಗುವುದಿಲ್ಲ. ಕಾರು ಕೊಳ್ಳಬಹುದು, ಮನೆ ಕೊಳ್ಳಬಹುದು, ಅದೇ ವಿಮಾನವನ್ನು ಹಾರಿಸಲೂಬಹುದು. ನೋಂದಣಿಯಲ್ಲಿ ಹೆಸರು ಮಾತ್ರ ಬರುವಂತಿಲ್ಲ. ಟ್ರಸ್ಟ್ ಒಂದನ್ನು ಮಾಡಿ ಅದರ ಹೆಸರಿನಲ್ಲಿ ನೋಂದಾಯಿಸುವ ದಾರಿ ಇದೆ. ಅದಕ್ಕೆ ವರ್ಷಾವರ್ಷ ಶುಲ್ಕವಿದೆ, ವಕೀಲರ ಖರ್ಚಿದೆ. ದೊಡ್ಡ ವಿಮಾನಗಳಿಗೆ ಅದು ಸರಿ, ನಮ್ಮಂಥವರಿಗೆ ಭಾರ. ಗೆಳೆಯನ ಒಬ್ಬನದೇ ಹೆಸರಿನಲ್ಲಿ ಕೊಳ್ಳಬಹುದಿತ್ತು. ಅವನು ಅದಕ್ಕೂ ಸಿದ್ಧನಿದ್ದ, ನನಗೆ ಮನಸ್ಸು ಬರಲಿಲ್ಲ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹದಿನಾಲ್ಕು ವರ್ಷ ಈ ದೇಶದಲ್ಲಿದ್ದೂ ಯಾವುದೋ ಒಂದು ಬಾಗಿಲಿನ ಹೊರಗೇ ನಿಂತಿದ್ದೇನೆ ಎನ್ನುವುದು ಅದಕ್ಕೆ ಮೊದಲು ಅಷ್ಟು ಗಟ್ಟಿಯಾಗಿ ತಟ್ಟಿರಲಿಲ್ಲ. ಆರು ತಿಂಗಳ ಮೇಲೆ ಗ್ರೀನ್ ಕಾರ್ಡ್ ಬಂತು. 2024ರ ಸೆಪ್ಟೆಂಬರಿನಲ್ಲಿ ಹುಡುಕಲು ಶುರು ಮಾಡಿದೆವು.

ಸೆಸ್ನಾ 172 ಯಾಕೆ ಎಂದು ಕೇಳುವವರಿಗೆ: 1956ರಿಂದ ಇಲ್ಲಿಯವರೆಗೆ 44 ಸಾವಿರಕ್ಕೂ ಹೆಚ್ಚು ತಯಾರಾಗಿವೆ. ಹೀಗಾಗಿ ಬಿಡಿಭಾಗ ಸಿಗುತ್ತದೆ, ರಿಪೇರಿ ಗೊತ್ತಿರುವ ಮೆಕ್ಯಾನಿಕ್ ಪ್ರತಿ ಊರಿನಲ್ಲೂ ಇರುತ್ತಾರೆ. 172ಎಂ ಮಾದರಿಯಲ್ಲಿ ಲೈಕಾಮಿಂಗ್ ಕಂಪನಿಯ 150 ಅಶ್ವಶಕ್ತಿಯ ಎಂಜಿನ್ ಇದೆ. ಗಂಟೆಗೆ ಸುಮಾರು ಎಂಟು ಗ್ಯಾಲನ್ ಕುಡಿಯುತ್ತದೆ, ನಾಲ್ಕು ಸೀಟಿದ್ದರೂ ಪೂರ್ತಿ ಇಂಧನ ತುಂಬಿಕೊಂಡು ನಾಲ್ವರು ದೊಡ್ಡವರು ಕೂರುವ ಲೆಕ್ಕ ಹಾಕಬೇಡಿ. ತೂಕ ಒಪ್ಪುವುದಿಲ್ಲ.

ಮೊದಲು ನೋಡಿದ್ದು ಹೊಸ ಬಣ್ಣ ಹಚ್ಚಿದ, ಒಳಗೆ ಚರ್ಮದ ಸೀಟು ಹಾಕಿಸಿದ ವಿಮಾನ. ಫೋಟೊ ನೋಡಿಯೇ ನಾನು ಸೋತಿದ್ದೆ. ಹೋಗಿ ದಾಖಲೆ ಪುಸ್ತಕ ಕೇಳಿದರೆ ಮೊದಲ ಹದಿನೈದು ವರ್ಷದ ಪುಸ್ತಕವೇ ಇಲ್ಲ. ಪ್ರತಿ ವಿಮಾನಕ್ಕೂ ದೇಹಕ್ಕೊಂದು, ಎಂಜಿನ್ನಿಗೊಂದು, ಪ್ರೊಪೆಲ್ಲರಿಗೊಂದು ದಾಖಲೆ ಪುಸ್ತಕ ಇರುತ್ತದೆ. ಯಾವಾಗ ಏನು ಬಿಚ್ಚಿದರು, ಏನು ಬದಲಿಸಿದರು, ಯಾರು ಸಹಿ ಹಾಕಿದರು, ಎಲ್ಲವೂ ಅದರಲ್ಲಿ ಬರೆದಿರಬೇಕು. ಆದರೂ ಆಸೆ ಬಿಡದೆ ಮೆಕ್ಯಾನಿಕ್‌ಗೆ 650 ಡಾಲರ್ ಕೊಟ್ಟು ನೋಡಿಸಿದೆವು. ಅವರು ಬಾಲದ ಹತ್ತಿರದ ಒಂದು ಮುಚ್ಚಳ ಬಿಚ್ಚಿ, ಟಾರ್ಚ್ ಹಾಕಿ, ನನ್ನನ್ನು ಕರೆದು ತೋರಿಸಿದರು. ಅಲ್ಯೂಮಿನಿಯಂ ಹಾಳೆ ಹಳೆಯ ರಾಗಿ ರೊಟ್ಟಿಯ ಹಾಗೆ ಪದರು ಪದರಾಗಿ ಎದ್ದಿತ್ತು. ಉಪ್ಪುಗಾಳಿಯ ಊರಿನಲ್ಲಿ ವರ್ಷಗಟ್ಟಲೆ ನಿಂತಿದ್ದ ವಿಮಾನವಿರಬೇಕು ಎಂದರು. ಪುಸ್ತಕವೇ ಇಲ್ಲದ ಮೇಲೆ ಅದನ್ನು ತಿಳಿಯುವ ದಾರಿಯೂ ಇಲ್ಲ. ಮೇಲಾಗಿ, ವಿಮಾನ ಎಲ್ಲಿದೆ ಎಂದು ರೇಡಿಯೊ ಮೂಲಕ ತಾನೇ ಸಾರುವ ಎಡಿಎಸ್-ಬಿ ಉಪಕರಣವೂ ಇರಲಿಲ್ಲ. 2020ರ ಜನವರಿಯಿಂದ ಸ್ಯಾನ್ ಫ್ರಾನ್ಸಿಸ್ಕೊದಂಥ ದೊಡ್ಡ ನಿಲ್ದಾಣದ ಸುತ್ತ 30 ನಾಟಿಕಲ್ ಮೈಲಿ ವೃತ್ತದೊಳಗೆ ಅದಿಲ್ಲದೆ ಹಾರುವಂತಿಲ್ಲ. ಕೈಮುಗಿದು ಬಂದೆವು. ಆ 650 ಡಾಲರ್ ನಾನು ಇಲ್ಲಿಯವರೆಗೆ ಮಾಡಿದ ಅತ್ಯುತ್ತಮ ಖರ್ಚು. ನೀವು ಕರೆದೊಯ್ಯುವ ಮೆಕ್ಯಾನಿಕ್ ಆ ವಿಮಾನದ ವಾರ್ಷಿಕ ತಪಾಸಣೆ ಮಾಡಿದವರಾಗಿರಬಾರದು, ಇದೊಂದು ಮಾತನ್ನು ಮರೆಯಬೇಡಿ.

ಡಿಸೆಂಬರ್ ಮೊದಲ ವಾರ ಫ್ರೆಸ್ನೊ ಕಡೆಯ ಒಂದು ಸಣ್ಣ ಊರಿನಿಂದ ಸುದ್ದಿ ಬಂತು. 84 ವರ್ಷದ ರೈತರೊಬ್ಬರು. ಕಣ್ಣಿನ ತೊಂದರೆಯಿಂದ, ಹಾರಲು ಬೇಕಾದ ವೈದ್ಯಕೀಯ ಪ್ರಮಾಣಪತ್ರ ಕಳೆದುಕೊಂಡಿದ್ದರು. ಬಾದಾಮಿ ತೋಟದ ಧೂಳು ಹಿಡಿದ ಶೆಡ್ಡಿನಲ್ಲಿ ವಿಮಾನ ನಿಂತಿತ್ತು. ಬಣ್ಣ ಮಾಸಿದೆ, ಸೀಟಿನ ಬಟ್ಟೆ ಒಂದು ಕಡೆ ಹರಿದಿದೆ. ಅವರು ಒಂದು ತಗಡಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಅದರೊಳಗೆ ಐದು ಪುಸ್ತಕ. ಮೊದಲನೆಯದರ ಮೊದಲ ಸಾಲು 1974ರದು, ನೀಲಿ ಶಾಯಿ ಸ್ವಲ್ಪ ಕಂದು ತಿರುಗಿದೆ. ಅಲ್ಲಿಂದ ಒಂದು ವರ್ಷವೂ ಬಿಟ್ಟಿಲ್ಲ. ಪ್ರತಿ ಐವತ್ತು ಗಂಟೆಗೆ ಎಣ್ಣೆ ಬದಲಿಸಿದ್ದು, ಪ್ರತಿ ವರ್ಷ ತಪಾಸಣೆ, ಒಂದು ಕಡೆ ಅವರ ಹೆಂಡತಿಯ ಕೈಬರಹದಲ್ಲಿ ಟೈರ್ ಬದಲಿಸಿದ ದಿನಾಂಕ. ಗೆಳೆಯ ನನ್ನ ಮುಖ ನೋಡಿದ. ಚೌಕಾಸಿ ಮಾಡುವ ಉಮೇದು ಇಬ್ಬರಿಗೂ ಉಳಿದಿರಲಿಲ್ಲ. 88 ಸಾವಿರ ಡಾಲರ್.

ತಪಾಸಣೆಗೆ ಅದೇ ಮೆಕ್ಯಾನಿಕ್ ಬಂದರು. ಸಿಲಿಂಡರಿಗೆ 80 ಪೌಂಡ್ ಒತ್ತಡದ ಗಾಳಿ ತುಂಬಿ, ಎಷ್ಟು ಒಳಗೆ ನಿಲ್ಲುತ್ತದೆ ಎಂದು ನೋಡುತ್ತಾರೆ. ಮೂರು ಸಿಲಿಂಡರ್ 74, 76, 73. ನಾಲ್ಕನೆಯದು 64. ಅವರು ಮಾತಾಡಲಿಲ್ಲ, ಹೊಗೆ ಕೊಳವೆಯ ಬಾಯಿಗೆ ಕಿವಿಯಿಟ್ಟು ಕೇಳಲು ಹೇಳಿದರು. ಒಳಗಿನಿಂದ ಸಣ್ಣಗೆ ಹಿಸ್ಸೆನ್ನುವ ಸದ್ದು. ಗಾಳಿ ಸೋರುತ್ತಿರುವುದು ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ನಿಂದ. ನನಗೆ ಎದೆ ಕುಸಿಯಿತು. ಎಂಜಿನ್ ತಣ್ಣಗಾಗಿದೆ, ಬಿಸಿಯಿದ್ದಾಗಲೇ ನೋಡಬೇಕು ಎಂದು ಅವರು ಅರ್ಧ ಗಂಟೆ ಓಡಿಸಿ ಮತ್ತೆ ಅಳೆದರು. 71. ಬೋರೊಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಒಳಗಿಳಿಸಿ ವಾಲ್ವ್‌ನ ಅಂಚು ನೋಡಿ, ಸದ್ಯಕ್ಕೆ ಭಯವಿಲ್ಲ, ಆದರೆ ಪ್ರತಿ ಎಣ್ಣೆ ಬದಲಾವಣೆಯಲ್ಲೂ ಇದನ್ನು ನೋಡಿ ಎಂದರು. ಆಮೇಲೆ ಸೀಟಿನ ಹಳಿ. ಹಳೆಯ ಸೆಸ್ನಾಗಳಲ್ಲಿ ಹಳಿಯ ತೂತು ಸವೆದರೆ, ನೆಲ ಬಿಟ್ಟು ಏಳುವ ಹೊತ್ತಿಗೆ ಸೀಟು ಹಿಂದಕ್ಕೆ ಜಾರುತ್ತದೆ. ಹಿಡಿಕೆ ಹಿಡಿದುಕೊಂಡೇ ಜಾರಿದ ಪೈಲಟ್ ವಿಮಾನದ ಮೂತಿಯನ್ನು ಮೇಲಕ್ಕೆಳೆದುಬಿಡುತ್ತಾನೆ. ಇದರಿಂದ ಜೀವಗಳು ಹೋಗಿವೆ. ಆದ್ದರಿಂದಲೇ ವಿಮಾನಯಾನ ಇಲಾಖೆ, ಅಂದರೆ ಎಫ್‌ಎಎ, ಎ.ಡಿ. ಎಂಬ ಕಡ್ಡಾಯ ಆದೇಶ ಹೊರಡಿಸಿ 100 ಗಂಟೆಗೆ ಅಥವಾ ವರ್ಷಕ್ಕೊಮ್ಮೆ ಹಳಿ ಪರೀಕ್ಷಿಸಬೇಕು ಎಂದಿದೆ. ಯಾವ ವಿಮಾನ ನೋಡಿದರೂ ಎ.ಡಿ.ಗಳ ಪಟ್ಟಿ ಕೇಳಿ, ಒಂದೊಂದಕ್ಕೂ ಪುಸ್ತಕದಲ್ಲಿ ಸಹಿ ಇದೆಯೇ ಎಂದು ಕೂತು ಹೋಲಿಸಿ. ನಮಗೆ ಎರಡು ರಾತ್ರಿ ಹಿಡಿಯಿತು.

ಇಷ್ಟಾದ ಮೇಲೆ ಹಣ ಕೊಟ್ಟು ಕೀಲಿ ತೆಗೆದುಕೊಳ್ಳುವುದೊಂದೇ ಬಾಕಿ ಎಂದುಕೊಂಡಿದ್ದೆವು. ವಾಡಿಕೆಯಂತೆ ಒಕ್ಲಹೋಮಾ ಸಿಟಿಯ ಒಂದು ಸಂಸ್ಥೆಗೆ ಹಕ್ಕುದಾಖಲೆ ಹುಡುಕಲು ಹೇಳಿದೆವು. ಮೂರು ದಿನಕ್ಕೆ ವರದಿ ಬಂತು: 1983ರಲ್ಲಿ ಈ ವಿಮಾನದ ಮೇಲೆ ಒಂದು ಬ್ಯಾಂಕು ಸಾಲ ಕೊಟ್ಟಿದೆ, ಸಾಲ ತೀರಿದ ಪತ್ರ ಇಲ್ಲ. ಅದು ನಮ್ಮ ರೈತರಿಗಿಂತ ಹಿಂದಿನ ಮಾಲೀಕನ ಸಾಲ. ಖಂಡಿತ ತೀರಿರುತ್ತದೆ, ಆದರೆ ತೀರಿದೆ ಎಂದು ಯಾರೂ ಬರೆದು ಕಳಿಸಿಲ್ಲ. ಆ ಬ್ಯಾಂಕು ಇನ್ನೊಂದರಲ್ಲಿ ಸೇರಿ, ಅದು ಮತ್ತೊಂದರಲ್ಲಿ ಸೇರಿ, ಈಗ ಒಂದು ದೊಡ್ಡ ಬ್ಯಾಂಕಿನ ಹೊಟ್ಟೆಯಲ್ಲಿದೆ. ಫೋನು ಎತ್ತಿದವರೆಲ್ಲ ವಿಮಾನದ ಸಾಲ ಎಂದೊಡನೆ ಬೇರೆ ವಿಭಾಗಕ್ಕೆ ವರ್ಗಾಯಿಸುತ್ತಿದ್ದರು. ಕೊನೆಗೆ ಹಳೆಯ ಸಾಲಗಳ ಬಿಡುಗಡೆಗೆಂದೇ ಇರುವ ವಿಭಾಗದ ವಿಳಾಸ ಸಿಕ್ಕಿ, ವರದಿಯ ಪ್ರತಿಯೊಂದಿಗೆ ಅಂಚೆಯಲ್ಲಿ ಬರೆದೆವು. ಬಿಡುಗಡೆ ಪತ್ರ ಬಂದದ್ದು ಏಳು ವಾರಕ್ಕೆ. ಇದು ಅಪರೂಪದ ತೊಡಕೇನಲ್ಲ, ಹಳೆಯ ವಿಮಾನಗಳಲ್ಲಿ ಮಾಮೂಲು. ನಿಮ್ಮದು ಮುಳುಗಿದ ಬ್ಯಾಂಕಾಗಿದ್ದರೆ, ಬ್ಯಾಂಕು ಠೇವಣಿಗಳಿಗೆ ವಿಮೆ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಡಿಐಸಿಗೆ ಬರೆಯಿರಿ. ಜೊತೆಗೆ ವಿಮಾನದ ಪೂರ್ತಿ ಕಡತವನ್ನೂ ಎಫ್‌ಎಎಯಿಂದ ತರಿಸಿಕೊಳ್ಳಿ. ಕೆಲವೇ ಡಾಲರ್ ಖರ್ಚು. ದೊಡ್ಡ ರಿಪೇರಿ, ಮಾರ್ಪಾಡು ಎಲ್ಲ ಅದರಲ್ಲಿರುತ್ತವೆ. ಪುಸ್ತಕದಲ್ಲಿ ಇರುವುದಕ್ಕೂ ಕಡತದಲ್ಲಿ ಇರುವುದಕ್ಕೂ ತಾಳೆಯಾಗಬೇಕು.

ಆ ಏಳು ವಾರದಲ್ಲಿ ರೈತರು ಬೇರೆಯವರಿಗೆ ಮಾರಬಹುದಿತ್ತು. ಎರಡು ವಾರಕ್ಕೊಮ್ಮೆ ಅವರೇ ಫೋನು ಮಾಡಿ, ಎಂಜಿನ್ನಿಗೆ ತುಕ್ಕು ಹಿಡಿಯಬಾರದೆಂದು ಓಡಿಸಿ ಬಿಸಿ ಮಾಡಿದೆ ಎನ್ನುತ್ತಿದ್ದರು.

ವಿಮೆಗೆ ವರ್ಷಕ್ಕೆ 1,900 ಡಾಲರ್. ಇಲ್ಲಿ ಒಂದು ಮಾತು. ಹತ್ತು ಲಕ್ಷ ಡಾಲರ್ ಹೊಣೆಗಾರಿಕೆ ಎಂದು ದೊಡ್ಡದಾಗಿ ಬರೆದಿರುತ್ತದೆ, ಕೆಳಗೆ ಸಣ್ಣಕ್ಷರದಲ್ಲಿ ಒಬ್ಬ ಪ್ರಯಾಣಿಕನಿಗೆ ಒಂದು ಲಕ್ಷ ಮಾತ್ರ ಎಂದಿರುತ್ತದೆ. ಪಕ್ಕದಲ್ಲಿ ಕೂರುವುದು ನಿಮ್ಮ ಹೆಂಡತಿ, ಮಕ್ಕಳು. ಓದಿ ಸಹಿ ಹಾಕಿ.

ಜನವರಿ ಕೊನೆಗೆ ಹಣ ಕೊಟ್ಟೆವು. ತಪ್ಪು ಮಾಡಿದ್ದು ಇಲ್ಲಿ. ಹಕ್ಕು ಹುಡುಕಿದ ಸಂಸ್ಥೆಯೇ ಕೆಲವು ನೂರು ಡಾಲರಿಗೆ ಹಣ ಕೈಬದಲಿಸಿ, ಕಾಗದಗಳನ್ನು ನೋಡಿ, ಕಚೇರಿಗೆ ಸಲ್ಲಿಸಿಯೂ ಕೊಡುತ್ತಿತ್ತು. ಎರಡೇ ಫಾರಂ, ನಾವೇ ತುಂಬಿ ಕಳಿಸೋಣ ಎಂದುಕೊಂಡೆವು. ಮಾರಾಟದ ಪತ್ರ 8050-2, ನೋಂದಣಿ ಅರ್ಜಿ 8050-1, ಐದು ಡಾಲರಿನ ಚೆಕ್ಕು. ಅರ್ಜಿಯ ಎರಡನೇ ಪ್ರತಿ ವಿಮಾನದಲ್ಲಿಟ್ಟುಕೊಂಡರೆ ಪತ್ರ ಬರುವವರೆಗೆ ದೇಶದೊಳಗೆ ಹಾರಬಹುದು.

ಹಾರಿ ತರಲು ಮಂಜು ಬಿಡಲಿಲ್ಲ. ಚಳಿಗಾಲದಲ್ಲಿ ಫ್ರೆಸ್ನೊ ಇರುವ ಆ ದೊಡ್ಡ ಕಣಿವೆಯಲ್ಲಿ ಟೂಲಿ ಮಂಜು ಎಂದು ನೆಲಕ್ಕಂಟಿ ನಿಲ್ಲುತ್ತದೆ, ರಸ್ತೆಯ ಬಿಳಿ ಗೆರೆಯೂ ಕಾಣುವುದಿಲ್ಲ. ಮೂರು ಶನಿವಾರ ಕಾರಿನಲ್ಲಿ ಹೋಗಿ ವಾಪಸು ಬಂದೆವು. ನಾಲ್ಕನೆಯ ಶನಿವಾರ ಹನ್ನೊಂದಕ್ಕೆ ಬಿಸಿಲು ಬಿತ್ತು. ಟ್ಯಾಂಕಿನ ತಳದಿಂದ ಇಂಧನ ತೆಗೆದು ಗಾಜಿನ ನಳಿಕೆಯಲ್ಲಿ ಬಿಸಿಲಿಗೆ ಹಿಡಿದೆ: ತೆಳು ನೀಲಿ, ನೀರಿನ ಗುಳ್ಳೆಯಿಲ್ಲ. ಗೆಳೆಯ ಎಡಕ್ಕೆ, ನಾನು ಬಲಕ್ಕೆ. ರೈತರು ಶೆಡ್ಡಿನ ಬಾಗಿಲಲ್ಲಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ವಾಯವ್ಯಕ್ಕೆ ತಿರುಗಿ, ಆಲ್ಟಮಾಂಟ್ ಕಣಿವೆಯ ಗಾಳಿಯಂತ್ರಗಳನ್ನು ದಾಟಿ ಲಿವರ್‌ಮೋರ್‌ನಲ್ಲಿ ಇಳಿದಾಗ ಎಂಜಿನ್ ಆರಿಸಿ ಇಬ್ಬರೂ ಸುಮಾರು ಹೊತ್ತು ಇಳಿಯದೆ ಕೂತೇ ಇದ್ದೆವು.

ಏಪ್ರಿಲ್ ಕೊನೆಗೆ ಒಕ್ಲಹೋಮಾದಿಂದ ಬಂದದ್ದು ನೋಂದಣಿ ಪತ್ರವಲ್ಲ. ಅರ್ಜಿ ವಾಪಸಾಗಿತ್ತು. ಕಾರಣ ಎರಡು. ಮೊದಲನೆಯದು: ನಾವು "ಪಾಲುದಾರಿಕೆ" ಎಂಬ ಚೌಕಕ್ಕೆ ಗುರುತು ಹಾಕಿದ್ದೆವು. ಇಬ್ಬರು ಸೇರಿ ಕೊಂಡದ್ದು ಪಾಲುದಾರಿಕೆಯಲ್ಲದೆ ಮತ್ತೇನು? ಕಾನೂನಿನಲ್ಲಿ ಪಾಲುದಾರಿಕೆಯ ಪ್ರತಿಯೊಬ್ಬ ಸದಸ್ಯನೂ ಪ್ರಜೆಯೇ ಆಗಿರಬೇಕು, ಗ್ರೀನ್ ಕಾರ್ಡ್ ಸಾಲದು. ನಾವು ಗುರುತು ಹಾಕಬೇಕಾಗಿದ್ದದ್ದು "ಸಹ ಮಾಲೀಕತ್ವ"ಕ್ಕೆ. ಅಲ್ಲಿ ಗ್ರೀನ್ ಕಾರ್ಡಿನವರು ತಮ್ಮ ನಿವಾಸಿ ಸಂಖ್ಯೆ ಬರೆದರೆ ಆಯಿತು. ಒಂದು ಚೌಕದ ಅಂತರ, ಮೂರು ತಿಂಗಳ ಸಮಯ.

ಎರಡನೆಯದು ನಮ್ಮವರಿಗೆಲ್ಲ ಬರುವ ತೊಂದರೆ. ನಮ್ಮ ಮನೆಯಲ್ಲಿ ಅಡ್ಡಹೆಸರಿಲ್ಲ. ಊರಿನಲ್ಲಿ ನನ್ನ ಹೆಸರಿನ ಹಿಂದೆ ಇದ್ದದ್ದು ಅಪ್ಪನ ಹೆಸರಿನ ಮೊದಲಕ್ಷರ ಮಾತ್ರ. ಪಾಸ್‌ಪೋರ್ಟ್ ಮಾಡಿಸುವಾಗ ಅದನ್ನು ಬಿಡಿಸಿ ಬರೆದು, ಅಪ್ಪನ ಪೂರ್ತಿ ಹೆಸರೇ ನನ್ನ ಅಡ್ಡಹೆಸರಾಯಿತು. ಮಾರಾಟದ ಪತ್ರದಲ್ಲಿ ರೈತರು ನಾನು ಹೇಳಿದಂತೆಯೇ ಮೊದಲಕ್ಷರ ಹಾಕಿ ಬರೆದಿದ್ದರು, ಅರ್ಜಿಯಲ್ಲಿ ನಾನು ಪೂರ್ತಿ ಬರೆದಿದ್ದೆ. ಕಚೇರಿಯ ಲೆಕ್ಕದಲ್ಲಿ ಇವರಿಬ್ಬರು ಬೇರೆ ಬೇರೆ. ಗ್ರೀನ್ ಕಾರ್ಡಿನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೆಯೇ ಎಲ್ಲ ಕಡೆ ಬರೆಸಿ. ಸಹಿಯ ಕೆಳಗೆ ಹೆಸರನ್ನು ಅಚ್ಚಕ್ಷರದಲ್ಲೂ ಬರೆಯಿರಿ.

ಹೊಸ ಮಾರಾಟ ಪತ್ರಕ್ಕೆ ರೈತರ ಸಹಿ ಬೇಕು. ಅವರು ತೋಟ ಬಿಟ್ಟು ಆರೆಗನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದರು, ಅಲ್ಲಿ ಆಸ್ಪತ್ರೆಯಲ್ಲಿದ್ದರು. ಕೇಳಲು ನಾಚಿಕೆಯಾಯಿತು. ಮಗಳು ಫೋನು ಎತ್ತಿ, "ಅವರು ದಿನವೂ ವಿಮಾನ ಹಾರುತ್ತಿದೆಯೇ ಎಂದು ಕೇಳುತ್ತಾರೆ, ಕಳಿಸಿ" ಎಂದರು. ಸಹಿಯಾದ ಪತ್ರ ಜೂನ್ ಮೊದಲ ವಾರ ಬಂತು. ಅಕ್ಷರ ನಡುಗಿತ್ತು. ಅವರು ಈಗ ಮನೆಗೆ ಬಂದಿದ್ದಾರೆ.

ಅಷ್ಟು ದಿನವೂ ನಾವು ವಿಮಾನವನ್ನು ಹಾರಿಸಲಿಲ್ಲ. ವಾಪಸಾದ ಅರ್ಜಿಯ ಪ್ರತಿಯನ್ನು ನಂಬಿ ಏಳುವ ಧೈರ್ಯ ನಮಗಿರಲಿಲ್ಲ. ಆ ಸಮಯದಲ್ಲೇ ವಾರ್ಷಿಕ ತಪಾಸಣೆಗೆ ಬಿಟ್ಟೆವು. ಹನ್ನೆರಡು ತಿಂಗಳಿಗೊಮ್ಮೆ ಇದಾಗದಿದ್ದರೆ ಹಾರುವಂತಿಲ್ಲ. ಸೈಲೆನ್ಸರಿನಲ್ಲಿ ಒಂದು ಬಿರುಕು ಸಿಕ್ಕಿತು. ಕ್ಯಾಬಿನ್ನಿಗೆ ಬಿಸಿಗಾಳಿ ಬರುವುದು ಅದನ್ನು ಸುತ್ತಿದ ತಗಡಿನೊಳಗಿಂದ, ಹಾಗಾಗಿ ಬಿರುಕೆಂದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಒಳಗೆ ಬರುವುದು. ಫೆಬ್ರವರಿಯಲ್ಲಿ ನಾವು ಹೀಟರ್ ಹಾಕಿಕೊಂಡೇ ಬಂದಿದ್ದೆವು. ಮೆಕ್ಯಾನಿಕ್ ಅದನ್ನು ಬೆರಳಲ್ಲಿ ತೋರಿಸಿದಾಗ ಬಾಯಿ ಒಣಗಿತು. ಆವತ್ತೇ ಎಚ್ಚರಿಕೆ ಕೊಡುವ ಕಾರ್ಬನ್ ಮಾನಾಕ್ಸೈಡ್ ಮಾಪಕ ಕೊಂಡೆ. ನೀವು ಮೊದಲ ಹಾರಾಟಕ್ಕೆ ಮುಂಚೆಯೇ ಕೊಳ್ಳಿ. ಹೊಸ ಸೈಲೆನ್ಸರ್, ಎಂಜಿನ್ನಿಗೆ ಕಿಡಿ ಕೊಡುವ ಒಂದು ಮ್ಯಾಗ್ನೆಟೊ ದುರಸ್ತಿ ಎಲ್ಲ ಸೇರಿ 5,150 ಡಾಲರ್.

ಲೆಕ್ಕದಲ್ಲಿ ನಾವು ಪೂರ್ತಿ ಮರೆತಿದ್ದದ್ದು ತೆರಿಗೆ. ಖಾಸಗಿಯವರಿಂದ ಕೊಂಡರೂ ಕ್ಯಾಲಿಫೋರ್ನಿಯಾ ರಾಜ್ಯಕ್ಕೆ ಬಳಕೆ ತೆರಿಗೆ ಕಟ್ಟಬೇಕು. ನಮ್ಮ ಕೌಂಟಿಯಲ್ಲಿ, ಅಂದರೆ ಜಿಲ್ಲೆಯಲ್ಲಿ, ಅದು ಹತ್ತು ಪ್ರತಿಶತದ ಮೇಲೆ. ಒಂಬತ್ತು ಸಾವಿರ ಡಾಲರಿನ ಪತ್ರ ನೋಡಿ ಹೆಂಡತಿ ಒಂದು ದಿನ ನನ್ನೊಂದಿಗೆ ಮಾತು ಬಿಟ್ಟಳು. ಇದಲ್ಲದೆ ಕೌಂಟಿಗೆ ವರ್ಷಕ್ಕೊಮ್ಮೆ ಆಸ್ತಿ ತೆರಿಗೆ ಬೇರೆ, ಬೆಲೆಯ ಸುಮಾರು ಒಂದು ಪ್ರತಿಶತ. ಕೊಳ್ಳುವ ಬೆಲೆಗೆ ಹದಿನೈದು ಪ್ರತಿಶತ ಸೇರಿಸಿ ಕೈಯಲ್ಲಿಟ್ಟುಕೊಂಡೇ ಹುಡುಕಲು ಹೊರಡಿ. ವಿಮಾನ ನಿಲ್ಲಿಸುವ ಹ್ಯಾಂಗರ್ ಎಂಬ ಶೆಡ್ಡು ಸುತ್ತಮುತ್ತ ಎಲ್ಲೂ ಖಾಲಿಯಿಲ್ಲ, ಸರದಿ ವರ್ಷಗಟ್ಟಲೆ ಇದೆ. ವಿಮಾನ ಕೊಳ್ಳುವ ಯೋಚನೆ ಬಂದ ದಿನವೇ ಸರದಿಯಲ್ಲಿ ಹೆಸರು ಬರೆಸಿ. ನಮ್ಮದು ಈಗ ಬಯಲಲ್ಲಿ ಹಗ್ಗ ಕಟ್ಟಿ ನಿಂತಿದೆ, ಮೇಲೊಂದು ಹೊದಿಕೆ.

ಹೊಸ ಅರ್ಜಿ ಜೂನಿನಲ್ಲಿ ಹೋಯಿತು, ಈ ಬಾರಿ ಹಕ್ಕು ಹುಡುಕಿದ ಆ ಸಂಸ್ಥೆಯ ಮೂಲಕವೇ. ಪತ್ರ ಬಂದ ಸಂಜೆ ಯಲಹಂಕದಲ್ಲಿರುವ ಅಮ್ಮನಿಗೆ ವಿಡಿಯೊ ಕರೆ ಮಾಡಿ, ಹಾಳೆಯನ್ನು ಕ್ಯಾಮೆರಾಕ್ಕೆ ಹಿಡಿದೆ. ಅವರಿಗೆ ಅಲ್ಲಿ ಬೆಳಗಿನ ಕಾಫಿಯ ಹೊತ್ತು. ಕನ್ನಡಕ ಹುಡುಕಿ ಹಾಕಿಕೊಂಡು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದರು. ಅಡ್ಡಹೆಸರಿನ ಜಾಗಕ್ಕೆ ಬಂದು ನಿಂತರು.

"ಇದು ನಿಮ್ಮಪ್ಪನ ಹೆಸರಲ್ಲವೇನೋ?"

"ಹೌದಮ್ಮ. ಇಲ್ಲಿ ಪೂರ್ತಿ ಬರೆಯಲೇಬೇಕು."

ಅವರು ಹಾಳೆಯನ್ನು ಇನ್ನೂ ಹತ್ತಿರ ಹಿಡಿಯಲು ಹೇಳಿದರು.